ಕರಬಾಟಿಚ್ ಆಟ ತೋರಿಸಿ ಹ್ಯಾಂಡ್‌ಬಾಲ್ ಕಲಿಸಿದ್ದು

ಮಂಡ್ಯ ಸೀಮೆಯ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮೇಷ್ಟ್ರು. ಕಬಡ್ಡಿ, ಖೋಖೋ ನಮ್ಮ ಮಕ್ಕಳಿಗೆ ಊರಲ್ಲೇ ಬಂದಿರುತ್ತೆ. ಚೆಂಡನ್ನು ಕೈಯಲ್ಲೇ ಎಸೆದು ಗೋಲು ಹೊಡೆಯುವ ಹ್ಯಾಂಡ್‌ಬಾಲ್ ಆಡುವುದನ್ನು ಕಣ್ಣಾರೆ ಕಂಡವರೇ ಕಡಿಮೆ. 2023ರಲ್ಲಿ ಜೈಪುರದಲ್ಲಿ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ನಡೆದಾಗಲೂ ಆರು ತಂಡಗಳಲ್ಲಿ ಕರ್ನಾಟಕದ್ದು ಇರಲಿಲ್ಲ. ಮಕ್ಕಳಿಗೆ ತೋರಿಸಲು ಒಬ್ಬ ಆಟಗಾರ ಬೇಕಿತ್ತು. ಫ್ರಾನ್ಸಿನ ನಿಕೋಲಾ ಕರಬಾಟಿಚ್‌ನನ್ನು ಹಿಡಿದೆ.

2008, 2012, ಟೋಕಿಯೊ, ಹೀಗೆ ಮೂರು ಒಲಿಂಪಿಕ್ ಚಿನ್ನ ಗೆದ್ದವನು ಅಂದರೆ ಮಕ್ಕಳು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅವರ ಕಣ್ಣರಳಿದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್ ನೋಡಿ. ಲೀಲ್ ಊರಿನ ಫುಟ್‌ಬಾಲ್ ಕ್ರೀಡಾಂಗಣದೊಳಗೆ ಹ್ಯಾಂಡ್‌ಬಾಲ್ ಅಂಕಣ ಹಾಸಿದ್ದರು. "ಇದ್ನ ನೋಡಕ್ಕೆ ಇಷ್ಟೊಂದು ಜನ ಬತ್ತಾರಾ ಸಾ?" ಅಂತ ಕೇಳಿದರು. ಫ್ರಾನ್ಸ್ ಹೆಚ್ಚುವರಿ ಸಮಯದಲ್ಲಿ ಜರ್ಮನಿಗೆ ಸೋತಿತು. ಕರಬಾಟಿಚ್‌ನ ಕೊನೆಯ ಪಂದ್ಯ ಅದು, ಆತನಿಗಾಗ 40 ವರ್ಷ.

ಆತನಿಂದ ನಾನು ಹೆಚ್ಚು ಬಳಸಿದ್ದು ಡಿಫೆನ್ಸನ್ನೇ. ಹೆಸರು ಮಾಡಿದವರು ಗೋಲು ಹೊಡೆದು ನಿಂತುಬಿಡುತ್ತಾರೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಈತ ವಾಪಸು ಓಡಿಬಂದು ಎದುರಾಳಿಗೂ ಗೋಲಿಗೂ ನಡುವೆ ಎದೆಕೊಟ್ಟು ನಿಲ್ಲುತ್ತಿದ್ದ. ಕಬಡ್ಡಿ ಆಡಿ ಬೆಳೆದ ನಮ್ಮ ಹುಡುಗರ ಕೈ ನೇರ ಎದುರಾಳಿಯ ಸೊಂಟಕ್ಕೆ ಹೋಗುತ್ತೆ, ಹಿಡಿದೆಳೆದರೆ ಎರಡು ನಿಮಿಷ ಹೊರಗೆ. ಅದಕ್ಕೇ ವಿಡಿಯೊ ನಿಧಾನಕ್ಕೆ ಓಡಿಸಿ, ಚೆಂಡು ಬಿಟ್ಟು ಆತನ ಪಾದ, ಮೊಣಕೈ ಮಾತ್ರ ನೋಡಿಸಿದೆ: ಮೊಣಕೈ ಬಗ್ಗಿರುತ್ತೆ, ಪಾದ ಪಕ್ಕಕ್ಕೆ ಸರಿಯುತ್ತಲೇ ಇರುತ್ತೆ. ಆಮೇಲೆ ಅಂಕಣದಲ್ಲಿ ಎರಡೂ ಕೈಯಲ್ಲಿ ಒಂದು ಟವೆಲ್ ಹಿಡಿಸಿ ಡಿಫೆನ್ಸ್ ಆಡಿಸಿದೆ. ಕೈ ಖಾಲಿ ಇಲ್ಲದ ಮೇಲೆ ಕಾಲು ಓಡಲೇಬೇಕು. ಅಪ್ಪಿ ಹಿಡಿಯುವ ಚಾಳಿ ಬಿಡಿಸಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಗೋಲ್ ಏರಿಯಾ ಅಂದರೆ ಗೋಲಿನ ಮುಂದೆ ಗೋಲ್‌ಕೀಪರ್ ಬಿಟ್ಟು ಬೇರೆಯವರು ಕಾಲಿಡಬಾರದ ಜಾಗ. ಅದರ ಗೆರೆ ಎಳೆಯಲು ಹಗ್ಗ ಸಾಕು. ಎರಡೂ ಕಂಬಗಳ ಬುಡದಿಂದ 6 ಮೀಟರ್ ಕಾಲುವೃತ್ತ ಎಳೆದು, ನಡುವೆ 3 ಮೀಟರ್ ನೇರ ಗೆರೆ ಸೇರಿಸಿ ಸುಣ್ಣದ ಪುಡಿ ಉದುರಿಸಿದರಾಯಿತು. ಆ ಗೆರೆ ತುಳಿಯದೆ ನೆಗೆದು, ನೆಲ ಮುಟ್ಟುವ ಮೊದಲೇ ಚೆಂಡು ಬಿಡಬೇಕು. ಚೆಂಡು ಹಿಡಿದು ಮೂರೇ ಹೆಜ್ಜೆ. ಬಲಗೈಯವರಿಗೆ ಎಡ, ಬಲ, ಎಡ ಅಂತ ಸುಣ್ಣದಲ್ಲೇ ಗುರುತು ಹಾಕಿ ಕೊಡುತ್ತೇನೆ.

2020ರ ಅಕ್ಟೋಬರಿನಲ್ಲಿ ಕರಬಾಟಿಚ್‌ನ ಮಂಡಿಯ ಲಿಗಮೆಂಟ್ ಹರಿಯಿತು. ಮುಂದಿನ ಬೇಸಿಗೆಯಲ್ಲಿ ಟೋಕಿಯೊದಲ್ಲಿ ಚಿನ್ನ ಗೆದ್ದ, ನಿಜ. ಆದರೆ ಆ ಶುಶ್ರೂಷೆಯೆಲ್ಲ ನಮ್ಮ ಹಳ್ಳಿ ಮಕ್ಕಳಿಗೆ ಎಲ್ಲಿ ಸಿಗುತ್ತೆ? ಹಾಗಾಗಿ ಚೆಂಡು ಕೊಡುವ ಮೊದಲು ದಿನವೂ ನೆಗೆದು, ಮಂಡಿ ಬಗ್ಗಿಸಿ, ಸದ್ದಾಗದಂತೆ ಇಳಿಯುವುದನ್ನು ಮಾಡಿಸುತ್ತೇನೆ. ಎಷ್ಟು ಗೊಣಗಿದರೂ ಇದರಲ್ಲಿ ರಿಯಾಯಿತಿ ಇಲ್ಲ.

ಈಗ ಗೋಲ್‌ಕೀಪರ್ ತಯಾರು ಮಾಡಬೇಕು. ಚೆಂಡಿಗೆ ಹೆದರದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. ಅವಳಿಗೆ ತೋರಿಸಲು ಕರಬಾಟಿಚ್ ಜೊತೆಗೇ ಆಡಿದ ಗೋಲ್‌ಕೀಪರ್ ತಿಯೆರಿ ಒಮೆಯೆರ್‌ನ ವಿಡಿಯೊಗಳನ್ನು ಕೂಡಿಸಿಟ್ಟಿದ್ದೇನೆ.