ರೇಟ್ ಶೀಟಿಗೆ ಬಂದ ಅನಾಮಧೇಯ ನರಿ

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಗೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ಅಚ್ಚು, ಮಾಡಿಕೊಡುವುದು ನನ್ನ ಕೆಲಸ. ಮೊದಲೆಲ್ಲ ರಟ್ಟಿನ ಪ್ಯಾಟರ್ನ್ ಗೋಡೆಯ ಮೊಳೆಗೆ ತೂಗುತ್ತಿತ್ತು. ಯಾರಾದರೂ ಒಯ್ದರೆ ಮೊಳೆ ಖಾಲಿ ಕಾಣುತ್ತಿತ್ತು. ಈಗ ಎಲ್ಲ ಗೂಗಲ್ ಡ್ರೈವ್‌ನಲ್ಲಿದೆ. ಒಯ್ದರೂ ಮೊಳೆ ತುಂಬಿದಂತೆಯೇ ಇರುತ್ತದೆ.

ಒಂದು ರಾತ್ರಿ ಹೊಲಿಗೆ ರೇಟ್ ಶೀಟ್ ತಿದ್ದುತ್ತಿದ್ದಾಗ ಮೇಲಿನ ಮೂಲೆಯಲ್ಲಿ ಅನಾಮಧೇಯ ನರಿಯೊಂದು ಪ್ರತ್ಯಕ್ಷವಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಪ್ರಾಣಿ. ನಾವು ಹೆಸರು ಹಿಡಿದು ಅನುಮತಿ ಕೊಡದವರು ಬರೀ ಲಿಂಕ್ ಒತ್ತಿ ಒಳಗೆ ಬಂದರೆ ಡ್ರೈವ್ ಅವರಿಗೆ ಇಂಥ ವೇಷ ಹಾಕುತ್ತದೆ. ಅಷ್ಟು ಹೊತ್ತಿನಲ್ಲಿ ನನ್ನ ರೇಟು ನೋಡುವವರು ಯಾರು?

ತಪ್ಪು ನನ್ನದೇ. ತಿಂಗಳುಗಳ ಹಿಂದೆ ವ್ಯಾಪಾರಿಯೊಬ್ಬರು ‘ಫೈಲ್ ಓಪನ್ ಆಗವಲ್ದು’ ಎಂದಾಗ, ಅವಸರದಲ್ಲಿ ಇಡೀ ಫೋಲ್ಡರನ್ನೇ ‘ಲಿಂಕ್ ಇರುವ ಯಾರಾದರೂ’ ಎಂದು ಬದಲಿಸಿದ್ದೆ. ಲಿಂಕ್ ಯಾವುದೋ ವಾಟ್ಸಾಪ್ ಗುಂಪಿಗೆ ಹೋಗಿತ್ತು. ರೇಟ್ ಶೀಟ್, ಟೈಲರ್‌ಗಳ ಪಾಸ್‌ಬುಕ್ ಫೋಟೊ ಆ ಫೋಲ್ಡರಿಗೆ ಸೇರಿದ್ದು ಆಮೇಲೆ. ಫೋಲ್ಡರ್ ತೆರೆದಿದ್ದರೆ ಮುಂದೆ ಅದರೊಳಗೆ ಹಾಕಿದ್ದೂ ತೆರೆದಂತೆಯೇ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಆ ಕ್ಷಣವೇ ಫೋಲ್ಡರಿನ ಶೇರ್ ಒತ್ತಿ ‘ನಿರ್ಬಂಧಿತ’ಕ್ಕೆ ತಂದೆ. ಆದರೆ ಬಿಡಿಬಿಡಿಯಾಗಿ ಲಿಂಕ್ ಕೊಟ್ಟಿದ್ದ ಫೈಲುಗಳು ಅದರಿಂದ ಮುಚ್ಚಲಿಲ್ಲ. ಹೆಸರಿನ ಪಕ್ಕ ಇಬ್ಬರು ಮನುಷ್ಯರ ಗುರುತು ಕಂಡದ್ದನ್ನೆಲ್ಲ ಒಂದೊಂದಾಗಿ ತೆರೆದು ನೋಡಬೇಕಾಯಿತು. ಎರಡು ಸಂಜೆ ಹೋದವು. ಅಷ್ಟರೊಳಗೆ ಡೌನ್‌ಲೋಡ್ ಆಗಿದ್ದರೆ ಅದು ಹೋದದ್ದೇ, ವಾಪಸ್ ಕರೆಸುವ ಬಟನ್ ಯಾವುದೂ ಇಲ್ಲ.

ಈಗ ಪಾರ್ಟಿಗೊಂದು ಫೋಲ್ಡರ್. ಅವರ ಜಿಮೇಲ್ ಹಾಕಿ ‘ವೀಕ್ಷಕ’ ಎಂದಷ್ಟೇ ಕೊಡುತ್ತೇನೆ. ತಿದ್ದುವ ಅಧಿಕಾರ ಕೊಡಲೇಬೇಕಾದಾಗ, ಸೆಟ್ಟಿಂಗ್ ಚಕ್ರದೊಳಗೆ ಎಡಿಟರ್‌ಗಳು ಬೇರೆಯವರಿಗೆ ಹಂಚುವ ಆಯ್ಕೆಯ ಟಿಕ್ ತೆಗೆಯುತ್ತೇನೆ. ನೋಡುವವರ ಡೌನ್‌ಲೋಡನ್ನೂ ಅಲ್ಲಿಯೇ ನಿಲ್ಲಿಸಬಹುದು, ಆದರೆ ಸ್ಕ್ರೀನ್‌ಶಾಟಿಗೆ ಯಾರ ತಡೆ? ಹಾಗಾಗಿ ತಿದ್ದಲು ಬರುವ ಡಿಎಕ್ಸ್‌ಎಫ್ ಫೈಲ್ ಹೊರಗೆ ಹೋಗುವುದಿಲ್ಲ. ಪ್ಯಾಟರ್ನನ್ನು ಕಾಗದದ ಮೇಲೆ ಬರೆಯುವ ಯಂತ್ರವಾದ ಪ್ಲಾಟರಿಗೆ ಬೇಕಾದ ಸೈಜಿನ ಪಿಎಲ್‌ಟಿ ಫೈಲ್ ಮಾತ್ರ. ಮಾಲು ಹೋದ ಮೇಲೆ ಅನುಮತಿಯ ಪಟ್ಟಿಯಿಂದ ಅವರ ಹೆಸರು ತೆಗೆದುಬಿಡುತ್ತೇನೆ. ಪಾಸ್‌ಬುಕ್ ಫೋಟೊಗಳು ಹಾರ್ಡ್ ಡಿಸ್ಕಿಗೆ ಹೋದವು.

ಇನ್ನೊಂದು ಪೆಟ್ಟು ಒಳಗಿನಿಂದಲೇ ಬಿತ್ತು. ಗ್ರೇಡಿಂಗ್, ಅಂದರೆ ಒಂದೇ ಪ್ಯಾಟರ್ನನ್ನು ಬೇರೆ ಬೇರೆ ಸೈಜಿಗೆ ಇಳಿಸುವ ಕೆಲಸ, ಮಾಡುತ್ತಿದ್ದ ಹುಡುಗ ತನ್ನ ಜಿಮೇಲಿನಿಂದಲೇ ನನ್ನ ಫೋಲ್ಡರಿಗೆ ಫೈಲ್ ಹಾಕುತ್ತಿದ್ದ. ಫೋಲ್ಡರ್ ನನ್ನದಾದರೂ ಫೈಲಿನ ಮಾಲೀಕ ಅವನು. ಕೆಲಸ ಬಿಟ್ಟು ಬೆಂಗಳೂರಿಗೆ ಹೋದವನು, ತನ್ನ ಖಾತೆಯ ಉಚಿತ 15 ಜಿಬಿ ತುಂಬಿತೆಂದು ಎಲ್ಲ ಅಳಿಸಿದ. ದ್ವೇಷವೇನಿಲ್ಲ, ಜಾಗ ಬೇಕಿತ್ತು ಪಾಪ. 30 ದಿನದೊಳಗೆ ಕೇಳಿದ್ದರೆ ಅವನ ಟ್ರ್ಯಾಶ್‌ನಿಂದ ತೆಗೆಸಬಹುದಿತ್ತು. ನನಗೆ ಗೊತ್ತಾಗಿದ್ದು ಎರಡು ತಿಂಗಳಿಗೆ. ಈಗ ಯಾರು ಏನು ಹಾಕಿದರೂ ಶನಿವಾರ ಸಂಜೆ ನನ್ನ ಖಾತೆಗೆ ‘ಮೇಕ್ ಎ ಕಾಪಿ’.

ಬೈಗುಳವೂ ಬರುತ್ತದೆ. ಮೊನ್ನೆ ಗುರುತಿಲ್ಲದ ಮೇಲ್‌ನಿಂದ ಅನುಮತಿ ಕೋರಿಕೆ ಬಂತು. ವ್ಯಾಪಾರಿಗೆ ಫೋನ್ ಮಾಡಿದೆ. ‘ನಮ್ ಭಾವ ಕಣಪ್ಪಾ, ಭಾಳ ಶಾಣ್ಯಾ ಆಗಿಯಲ್ಲ’ ಎಂದು ನಕ್ಕರು. ಭಾವನವರು ಯಾವ ಯೂನಿಟ್ ನಡೆಸುತ್ತಾರೆ ಎಂದು ಕೇಳಿದೆ. ಮಾತು ಹೊರಳಿಸಿದರು.