ಬೀಜ ಬಡಗಿನಿಂದ ಬರುತ್ತದೆ: ಪಚ್ಚಿಲೆ ಮರಿ ಹಿಡಿದ ನನ್ನ ಅನುಭವ

ಪಚ್ಚಿಲೆ ಅಂದರೆ ಕಡಲ ಬಂಡೆಗೆ ಅಂಟಿ ಬೆಳೆಯುವ, ತಿನ್ನುವ ಹಸಿರು ಚಿಪ್ಪು. ಅದನ್ನು ಬೆಳೆಯುವವರಿಗೆ ಹಗ್ಗ ಕಟ್ಟುವುದು, ಬಟ್ಟೆ ಸುತ್ತಿ ಹೊಲಿಯುವುದು, ನೀರಿನ ಉಪ್ಪು ನೋಡುವುದು ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ 1990ರ ದಶಕದಿಂದಲೇ ಹೆಂಗಸರ ಗುಂಪುಗಳು ಈ ಕೆಲಸ ಮಾಡುತ್ತಿವೆ. ನಾನು ಬರೆಯುವುದು ಬೀಜದ, ಅಂದರೆ ಹಗ್ಗಕ್ಕೆ ಕಟ್ಟಿ ಬೆಳೆಸುವ ಪಚ್ಚಿಲೆ ಮರಿಯ ವಿಷಯ ಮಾತ್ರ. ಈ ಸಲ ನನ್ನ ಹಗ್ಗಗಳಿಗೆ ಬೇಕಾದ ಬೀಜದಲ್ಲಿ ಸುಮಾರು ಮುಕ್ಕಾಲು ಪಾಲು ನಾನೇ ಕಡಲಲ್ಲಿ ಹಿಡಿದದ್ದು. ಆಗುವುದಿಲ್ಲ ಎಂದವರೇ ಈಗ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೇ ಬರೆದೆ.

ಕುಂಬಳೆ ಹತ್ತಿರದ ಶಿರಿಯ ಹೊಳೆಯ ಅಳಿವೆ (ಹೊಳೆ ಕಡಲು ಸೇರುವ ಜಾಗ) ಒಳಗೆ ನನ್ನದು ಸುಮಾರು 300 ಹಗ್ಗ. ಹಗ್ಗಕ್ಕೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ಬೀಜ ಬೇಕು. ತೆಂಕಿನಿಂದ ಗೋಣಿಯಲ್ಲಿ ತರಿಸಿದರೆ ವ್ಯಾನ್ ಬಾಡಿಗೆ ಸೇರಿ 30 ಸಾವಿರದ ಮೇಲೆಯೇ. ವ್ಯಾನ್ ತಡವಾದರೆ ಗೋಣಿಯ ನಡುವಿನವು ಬೆಂದು ಬಾಯಿ ಬಿಟ್ಟಿರುತ್ತವೆ. ಒಂದು ವರ್ಷ ಒಬ್ಬ ವ್ಯಾಪಾರಿ ಕೊಟ್ಟ ಗೋಣಿಯಲ್ಲಿ ಕಾಲು ಭಾಗ ಹೊಯ್ಗೆ (ಮರಳು), ಸತ್ತ ಚಿಪ್ಪು. ಕೇಳಿದರೆ, “ಕಡಲಿನ ಮಾಲು, ಹಾಗೇ ಇರ್ತದೆ” ಎಂಬ ಉತ್ತರ.

ನನ್ನ ಲೆಕ್ಕ ಹೀಗಿತ್ತು. ಪಚ್ಚಿಲೆ ಜೋರಾಗಿ ಮೊಟ್ಟೆ ಬಿಡುವುದು ಮಳೆಗಾಲದಲ್ಲಿ. ಮರಿ ಎರಡು ಮೂರು ವಾರ ನೀರಲ್ಲಿ ತೇಲುತ್ತದೆ, ಕಾಲು ಮಿಲಿಮೀಟರ್ ಆಗುವ ಹೊತ್ತಿಗೆ ಅಂಟಲು ಜಾಗ ಹುಡುಕುತ್ತದೆ. ಮೇಯಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯ ನೀರು ಒಟ್ಟಿನಲ್ಲಿ ತೆಂಕಿಗೆ ಹೋಗುತ್ತದೆ. ನವೆಂಬರ್ ಹೊತ್ತಿಗೆ ತಿರುಗಿ ಬಡಗಿಗೆ. ಹಾಗಾದರೆ ಸೋಣ ತಿಂಗಳಲ್ಲಿ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ) ನಮ್ಮ ಕಲ್ಲುಗಳಿಗೆ ಅಂಟುವ ಮರಿ ಸೋಮೇಶ್ವರ, ಸುರತ್ಕಲ್, ಕಾಪು, ಮಲ್ಪೆ ಕಡೆಯ ಬಂಡೆಗಳಿಂದ ಬರಬೇಕು ತಾನೇ?

ಯಾರೂ ಒಪ್ಪಲಿಲ್ಲ. “ಬೀಜ ಬರುವುದು ತೆಂಕಿನಿಂದ ಮಾರಾಯ, ನನ್ನ ಕಾಲದಿಂದಲೂ ಹಾಗೇ” ಎಂದರು ದೋಣಿಯ ಹಿರಿಯರೊಬ್ಬರು. ಅವರು ಬೀಜ ಕಂಡದ್ದೇ ತೆಂಕಿನ ವ್ಯಾನಿನಲ್ಲಿ, ಏನು ಮಾಡುವುದು!

ಮೊದಲು ಬಣ್ಣ ಬಳಿದ ಒಣ ತೆಂಗಿನಕಾಯಿ ಬಿಟ್ಟು ನೋಡಿದೆ. ಗಾಳಿ ಅಷ್ಟನ್ನೂ ತಂದು ದಡಕ್ಕೆ ಎಸೆಯಿತು. ಅದರಿಂದ ಗೊತ್ತಾದದ್ದು ಗಾಳಿಯ ದಿಕ್ಕು ಮಾತ್ರ. ಆಮೇಲೆ ಅಡಕೆ ಸಲಾಕೆಯನ್ನು ಅಡ್ಡ ಕಟ್ಟಿ, ಪ್ಲಾಸ್ಟಿಕ್ ಅಕ್ಕಿ ಚೀಲ ಬಿಚ್ಚಿ ಹೊಲಿದು, ಕೆಳಗೆ ಕಲ್ಲು ತೂಗಿಬಿಟ್ಟೆ. ಮೇಲೆ ಸಣ್ಣ ತೇಲು, ಅದರ ಮೇಲೆ ನನ್ನ ಫೋನ್ ನಂಬರ್. ಚೀಲ ನೀರಿನ ಕೆಳಗೆ ಎರಡು ಮಾರು ಆಳದಲ್ಲಿ ನಿಲ್ಲುವ ಹಾಗೆ. ಗಾಳಿ ಹಿಡಿಯುವುದು ತೇಲನ್ನಷ್ಟೇ, ಎಳೆಯುವುದು ನೀರು. ಕಡಲು ಶಾಂತ ಇದ್ದ ದಿನ ನಾಡದೋಣಿಯವರ ಕೈಯಲ್ಲಿ ಕೊಟ್ಟು ಮಂಜೇಶ್ವರದ ಹೊರಗೆ ಬಿಡಿಸಿದೆ. ಜುಲೈಯಲ್ಲಿ ಫೋನೇ ಇಲ್ಲ. 31ಕ್ಕೆ ಟ್ರಾಲಿಂಗ್ ನಿಷೇಧ ಮುಗಿದು ಬೋಟು ಇಳಿದ ಮೇಲೆ ಶುರುವಾಯಿತು. ಕುಂಬಳೆ, ಮೊಗ್ರಾಲ್, ಕಾಸರಗೋಡು ಕಸಬ, ಒಂದು ಬೇಕಲ ದಾಟಿ. ಒಂದೇ ಒಂದು ಉಳ್ಳಾಲದಲ್ಲಿ ಸಿಕ್ಕಿತು, ನನ್ನ ಎದೆ ಧಸಕ್ಕೆಂದಿತು. ವಿಚಾರಿಸಿದರೆ ಬಲೆಗೆ ಸಿಕ್ಕಿದ್ದನ್ನು ಬೋಟಿನವರು ಮಂಗಳೂರು ಕಡೆ ಒಯ್ದಿದ್ದರು. ನವೆಂಬರಿನಲ್ಲಿ ಬಿಟ್ಟವು ಬೇರೆ ಕಥೆ, ಅವು ನಿಜಕ್ಕೂ ಬಡಗಿಗೇ ಹೋದವು.

ವೇಗದ ಬಗ್ಗೆ ಒಂದು ಮಾತು. ನೀರು ಸೆಕೆಂಡಿಗೆ 15 ಸೆಂಟಿಮೀಟರ್ ಹೋದರೂ ದಿನಕ್ಕೆ 13 ಕಿಲೋಮೀಟರ್ ಆಗುತ್ತದೆ. ಎರಡು ವಾರಕ್ಕೆ 180. ಮಲ್ಪೆಯಿಂದ ಇಲ್ಲಿಗೆ ಬರಲು ಧಾರಾಳ ಸಾಕು. ಆದರೆ ದಡದ ಹತ್ತಿರ ನೀರು ನಿಧಾನ. ಏರು ಇಳಿತಕ್ಕೆ ಹಿಂದೆ ಮುಂದೆ ಓಲಾಡುವುದೂ ಉಂಟು. ನನ್ನ ಚೀಲಗಳು ಅದರ ಅರ್ಧ ವೇಗದಲ್ಲಿ ಹೋದವು ಅನ್ನಿಸುತ್ತದೆ. ಮರಿಯೂ ಚೀಲದ ಹಾಗೆ ಒಂದೇ ಆಳದಲ್ಲಿ ನಿಲ್ಲುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಇಂಥದ್ದೇ ಬಂಡೆಯ ಮರಿ ಎನ್ನಲು ಡಿಎನ್‌ಎ ನೋಡಬೇಕು. ನನ್ನ ಅಂದಾಜು ಉಳ್ಳಾಲ, ಸೋಮೇಶ್ವರದ್ದೇ ಜಾಸ್ತಿ.

ದಿಕ್ಕು ಗೊತ್ತಾದ ಕೂಡಲೇ ಬೀಜ ಸಿಗಲಿಲ್ಲ. ಅಳಿವೆ ಒಳಗೆ ನೇತುಹಾಕಿದ ಹಗ್ಗಕ್ಕೆ ಕೆಸರು, ಪಾಚಿ ಬಿಟ್ಟರೆ ಏನೂ ಅಂಟಲಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿ ಅಲ್ಲಿ ಸಿಹಿನೀರು, ಮರಿ ಉಳಿಯುವುದಾದರೂ ಹೇಗೆ? ಹೊರಗೆ ನೈಲಾನ್ ಹಗ್ಗ ಹಾಕಿದೆ, ದೋಣಿಯ ತಳಕ್ಕೆ ಅಂಟುವ ಚೂಪು ಚಿಪ್ಪು ಮಾತ್ರ ಬಂತು. ಮರಳಿನ ಚೀಲದ ಲಂಗರು ಕಿತ್ತು ಒಂದು ಸಾಲು ಪೂರ್ತಿ ಮೊಗ್ರಾಲ್ ದಡಕ್ಕೆ ಬಿತ್ತು. ಆ ವರ್ಷ 15 ಸಾವಿರದ ಹತ್ತಿರ ನೀರಿಗೆ ಹೋಯಿತು. ಮನೆಯಲ್ಲಿ ಲೆಕ್ಕ ಹೇಳಲಿಲ್ಲ.

ಕೆಲಸ ಮಾಡಿದ್ದು ತೆಂಗಿನ ನಾರಿನ ಹುರಿಹಗ್ಗ. ಹೊಸ ಪೊರಕೆಯ ಹಾಗೆ ನಾರು ಹೊರಗೆ ಚಾಚಿರಬೇಕು. ಮರಿ ಮೊದಲು ಹಿಡಿಯುವುದು ಇಂಥ ಎಳೆಗಳನ್ನೇ, ನುಣುಪಾದದ್ದು ಅದಕ್ಕೆ ಬೇಡ. ಹಾಕುವ ಮೊದಲು ಹಗ್ಗವನ್ನು ಒಂದರಲ್ಲಿ ನೆನೆಸಿಡುತ್ತೇನೆ, ಅದು ಏನು ಎಂದು ಇಲ್ಲಿ ಬರೆಯುವುದಿಲ್ಲ.

ಸಮಯವೂ ಮುಖ್ಯ. ಸೋಣಕ್ಕೆ ಮೊದಲಿನ ತಿಂಗಳು ಆಟಿಯಲ್ಲಿ ಹಾಕಿದರೆ ಮರಿ ಬರುವ ಮೊದಲೇ ಪಾಚಿ ಜಾಗ ಹಿಡಿಯುತ್ತದೆ. ಸೋಣ ಸಂಕ್ರಮಣ ಕಳೆದ ಮೇಲೆ ಶುರು ಮಾಡಿ, ವಾರ ಹತ್ತು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹೊಸ ಹಗ್ಗ ಇಳಿಸಬೇಕು. ಮರಿ ಒಂದೇ ದಿನ ಬರುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಒಂದು ಕಂತು ತಪ್ಪಿದರೂ ಇನ್ನೊಂದು ಸಿಗುತ್ತದೆ.

ಜಾಗದ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ನಮ್ಮ ಕರಾವಳಿ ಬಹುಪಾಲು ಹೊಯ್ಗೆ. ಬಂದರಿನ ಕಲ್ಲುಕಟ್ಟೆ, ಕಡಲ್ಕೊರೆತಕ್ಕೆ ಹಾಕಿದ ಬಂಡೆ ಬಂದ ಮೇಲೆ ಮರಿಗೆ ನಿಲ್ಲಲು ದಾರಿಯುದ್ದಕ್ಕೂ ತಂಗುದಾಣ ಸಿಕ್ಕಿದೆ. ನೀರು ಬಡಗಿನಿಂದ ಬರುವುದಾದರೆ ಕಟ್ಟೆಯ ಬಡಗು ಬದಿಗೆ ಹಗ್ಗ ಕಟ್ಟು ಎಂದ ನನ್ನ ಭಾವ. ನಾನು ಕಟ್ಟಿದ್ದು ತೆಂಕು ಬದಿಗೆ. ಕಟ್ಟೆ ದಾಟಿದ ನೀರು ಅಲ್ಲಿ ನಿಧಾನವಾಗಿ ಸುತ್ತುತ್ತದೆ, ಮರಿಗೆ ಅಂಟಲು ಪುರುಸೊತ್ತು ಸಿಗುತ್ತದೆ. ಭಾವನ ಸಮಾಧಾನಕ್ಕೆ ಬಡಗು ಬದಿಗೂ ಒಂದಷ್ಟು ಹಾಕಿದೆವು. ಅಲೆ ಬಡಿದು ಅರ್ಧ ಹರಿಯಿತು, ಉಳಿದದ್ದರಲ್ಲೂ ತೆಂಕಿನ ಕಾಲು ಭಾಗ ಬೀಜ ಇರಲಿಲ್ಲ. ನಿಖರವಾದ ಮೂಲೆ ಯಾವುದು ಎಂದು ಕೇಳಬೇಡಿ. ನಿಮ್ಮ ಕಲ್ಲಿಗೆ ನಿಮ್ಮ ಮೂಲೆ ಬೇರೆಯೇ ಇರುತ್ತದೆ. ಬೋಟಿನ ದಾರಿಗೆ ಅಡ್ಡ ಮಾತ್ರ ಕಟ್ಟಬೇಡಿ.

ನಡುವೆ ಸುಮ್ನೆ ಒಂದು ಪ್ರಯೋಗ. ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆಯಲ್ಲಿ ಸೋಸುಚೀಲ ಹೊಲಿದು, ಕಡಲ ನೀರು ಸೋಸಿ, ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸಿನಲ್ಲಿ ನೋಡಿದೆ. ಅರ್ಧಚಂದ್ರದ ಸಣ್ಣ ಚಿಪ್ಪುಗಳು ಓಡಾಡುತ್ತಿದ್ದವು. ಆದರೆ ಅಷ್ಟು ಚಿಕ್ಕದರಲ್ಲಿ ಪಚ್ಚಿಲೆ ಯಾವುದು, ಇನ್ನೊಂದು ಜಾತಿಯ ಚಿಪ್ಪು ಮರುವಾಯಿ ಯಾವುದು ನನ್ನ ಕಣ್ಣಿಗೆ ತಿಳಿಯಲಿಲ್ಲ. ಇನ್ನೊಂದು, ನೀರು ಬಡಗಿಗೆ ತಿರುಗಿದ ಮೇಲೆ ಡಿಸೆಂಬರಿನಲ್ಲೂ ಹಗ್ಗ ಹಾಕಿದೆ. ಸಿಂಪಿ ಬಂತು, ಪಚ್ಚಿಲೆ ಬೆರಳೆಣಿಕೆ.

ನವೆಂಬರ್ ಮೊದಲ ವಾರಕ್ಕೆ ಮರಿ ಎರಡು ಸೆಂಟಿಮೀಟರ್ ದಾಟಿತ್ತು. ಬಿಡಿಸಿ ತೂಗಿದಾಗ 250 ಕಿಲೋ ಮೇಲೆ, ಕಡಿಮೆ ಅಲ್ಲ. ಹುರಿಹಗ್ಗ, ತೇಲು, ಕಲ್ಲಿನ ಲಂಗರು, ದೋಣಿಯವರ ಚಾ ಖರ್ಚು ಸೇರಿ 11 ಸಾವಿರ ಆಗಿರಬಹುದು. ಭಾವನ ಕೂಲಿ ಸೇರಿಸಿಲ್ಲ, ಅವನು ಕೇಳುತ್ತಲೂ ಇಲ್ಲ. ಹೊಳೆಗೆ ಉಪ್ಪು ಏರುವ ತನಕ ಬೀಜವನ್ನು ಹೊರಗೇ ಇಟ್ಟು ಆಮೇಲೆ ಒಳಗೆ ತಂದೆ. ಗೋಣಿಯಲ್ಲಿ ಬಂದ ಬೀಜಕ್ಕಿಂತ ಸತ್ತದ್ದು ಬಹಳ ಕಮ್ಮಿ. ತೆಂಕಿನಿಂದಲೇ ಬರುವುದು ಎಂದಿದ್ದ ಹಿರಿಯರ ಮಗನೇ ಸ್ವಲ್ಪ ಬೀಜ ಒಯ್ದ. ವ್ಯಾಪಾರಿಯ ದರಕ್ಕಿಂತ ಹತ್ತು ರೂಪಾಯಿ ಕಮ್ಮಿಗೆ ಕೊಟ್ಟೆ.

ಉಪ್ಪಳ ಕಡೆಯವರು ಕೇಳಿದ್ದರಿಂದ ಹೇಳುತ್ತೇನೆ. ಹತ್ತಿರ ಕಲ್ಲುಕಟ್ಟೆ ಇಲ್ಲದವರು ಹೊರಗೆ ತೆಪ್ಪವೇ ಕಟ್ಟಬೇಕಾಗುತ್ತದೆ. ಲಂಗರಿಗೇ ಜಾಸ್ತಿ ಖರ್ಚು, ಮರಳಿನ ಚೀಲ ನಂಬಬೇಡಿ. ಮೊದಲ ವರ್ಷ ಹತ್ತಿಪ್ಪತ್ತು ಹಗ್ಗಕ್ಕಿಂತ ಮೇಲೆ ಹಾಕಬೇಡಿ, ಉಳಿದ ಬೀಜಕ್ಕೆ ವ್ಯಾನಿನವನಿಗೆ ಮುಂಗಡ ಕೊಟ್ಟಿಡಿ.