ಎಲೆ ನೋಡಿ ಒಲೆ ಹಚ್ಚಿ: ಮನೆಯಲ್ಲೇ ಬೆಳೆದ ಕೊಲಾರ್ಡ್ ಸೊಪ್ಪಿನ ಅಡುಗೆ

ಕೊಲಾರ್ಡ್ ಗಿಡ ಒಮ್ಮೆ ಬೇರು ಬಿಟ್ಟು ನಿಂತಿತು ಅಂದ್ರೆ ಮನೆಗೆ ಸೊಪ್ಪಿನ ಬರ ಇಲ್ಲ. ಕೆಳಗಿನ ಎಲೆ ಕಿತ್ತಷ್ಟೂ ನೆತ್ತಿಯಲ್ಲಿ ಹೊಸದು ಬರುತ್ತಲೇ ಇರುತ್ತದೆ. ಮೊದಲ ಒಂದೆರಡು ವಾರ ಖುಷಿ. ಆಮೇಲೆ, ಇಷ್ಟೊಂದನ್ನು ಏನು ಮಾಡುವುದು ಅನ್ನುವ ಚಿಂತೆ. ಬಹಳ ಜನ ಇದನ್ನು ಪಾಲಕ್ ಥರ ಎರಡು ನಿಮಿಷ ಬಾಡಿಸಿ ಇಳಿಸಿಬಿಡುತ್ತಾರೆ, ಅಗಿದಷ್ಟೂ ಅಗಿಯುತ್ತಲೇ ಇರಬೇಕಾಗುತ್ತದೆ, ಕೊನೆಗೆ ಈ ಸೊಪ್ಪೇ ಒರಟು ಅಂತ ತೀರ್ಮಾನ ಮಾಡಿ ಗಿಡವನ್ನೇ ಕಿತ್ತು ಹಾಕುತ್ತಾರೆ. ನನಗೆ ಅದನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಸೊಪ್ಪು ಒರಟಲ್ಲ, ಆ ಎಲೆಗೆ ಆ ಅಡುಗೆ ಹೊಂದಲಿಲ್ಲ ಅಷ್ಟೆ.

ಕೊಲಾರ್ಡ್ ಎಲೆಕೋಸಿನ ಮನೆತನದ್ದು. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಕೇಲ್ ಎಲ್ಲವೂ ಬ್ರಾಸಿಕಾ ಒಲೆರೇಸಿಯಾ ಅನ್ನುವ ಒಂದೇ ಜಾತಿಯ ಗಿಡಗಳು. ಕೊಲಾರ್ಡ್ ಎಲೆಕೋಸಿನಂತೆ ಗಡ್ಡೆ ಕಟ್ಟುವುದಿಲ್ಲ, ಎಲೆ ಬಿಚ್ಚಿಕೊಂಡೇ ಬೆಳೆಯುತ್ತದೆ. ಹಾಗಾಗಿ ಒಂದೇ ಗಿಡದಲ್ಲಿ ಅಂಗೈಯಷ್ಟು ಎಳೆ ಎಲೆಯೂ ಸಿಗುತ್ತದೆ, ಬೀಸಣಿಗೆಯಷ್ಟು ಅಗಲದ ಬಲಿತ ಎಲೆಯೂ ಸಿಗುತ್ತದೆ. ಅಂಗಡಿಯಿಂದ ಕಟ್ಟು ತರುವವರಿಗೆ ಈ ಆಯ್ಕೆ ಇಲ್ಲ. ನಿಮಗಿದೆ. ಏನು ಅಡುಗೆ ಮಾಡಲಿ ಅಂತ ಮೊದಲೇ ಯೋಚಿಸಬೇಡಿ, ಇವತ್ತು ಯಾವ ಎಲೆ ಇದೆ ಅಂತ ನೋಡಿ. ಅಡುಗೆ ತಾನಾಗಿ ಗೊತ್ತಾಗುತ್ತದೆ.

ಕೀಳುವಾಗ

ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಕೀಳಿ. ನಡುವಿನ ಚಿಗುರನ್ನು ಮುಟ್ಟಬೇಡಿ, ಮುಂದಿನ ಎಲೆಗಳೆಲ್ಲ ಬರುವುದು ಅಲ್ಲಿಂದಲೇ. ಹಳದಿಯಾದದ್ದು, ತೂತು ಬಿದ್ದು ಜಾಲರಿಯಾದದ್ದು ಗೊಬ್ಬರದ ಗುಂಡಿಗೆ ಹೋಗಲಿ. ಒಂದೆರಡು ತೂತಿದ್ದರೆ ಏನೂ ಆಗಲ್ಲ.

ಚಳಿ ಬಿದ್ದ ಮೇಲೆ ಕಿತ್ತ ಎಲೆಗೆ ಬೇರೆಯದೇ ರುಚಿ. ಚಳಿ ತಡೆಯಲು ಗಿಡ ತನ್ನೊಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ, ಹಿಮ ಬೀಳುವ ಊರುಗಳಲ್ಲಿ ಮೊದಲ ಹಿಮದ ನಂತರದ ಕೊಲಾರ್ಡ್‌ಗಾಗಿ ಜನ ಕಾಯುವುದು ಅದಕ್ಕೇ. ಬಿಸಿಲು ಜಾಸ್ತಿಯಾದಾಗ, ನೀರು ಕಡಿಮೆಯಾದಾಗ ಬೆಳೆದ ಎಲೆ ಕಹಿಯಾಗಿರುತ್ತದೆ. ಸುಮ್ನೆ ಒಂದು ಚೂರು ಹಸಿಯಾಗಿ ಬಾಯಿಗೆ ಹಾಕಿಕೊಂಡು ನೋಡಿ. ಮೆಲ್ಲಗೆ ಸಾಸಿವೆಯ ಘಾಟು ಬಂದರೆ ಸರಿ. ನಾಲಿಗೆ ಹಿಂಭಾಗ ಕಹಿ ಹಿಡಿದುಕೊಂಡರೆ ಆ ಎಲೆಗೆ ನೀರು ಮತ್ತು ಸಮಯ ಎರಡೂ ಬೇಕು, ಹಸಿಯಾಗಿ ತಿನ್ನುವ ಆಸೆ ಬಿಡಿ.

ತೊಳೆಯುವುದು ಮತ್ತು ದಂಟು ತೆಗೆಯುವುದು

ಈ ಭಾಗಕ್ಕೆ ಅವಸರ ಬೇಡ. ಮನೆ ಸೊಪ್ಪಿನಲ್ಲಿ ಔಷಧಿ ಇರದೇ ಇರಬಹುದು, ಹುಳ ಇರುತ್ತದೆ. ಎಲೆಯ ಬೆನ್ನಿನಲ್ಲಿ, ನರಗಳ ಸಂದಿಯಲ್ಲಿ ಸಸ್ಯಹೇನು ಕೂತಿರುತ್ತದೆ, ಹಸಿರು ಕಂಬಳಿಹುಳ ಎಲೆಯ ಬಣ್ಣದಲ್ಲೇ ಕರಗಿಹೋಗಿರುತ್ತದೆ. ದೊಡ್ಡ ಪಾತ್ರೆಯಲ್ಲಿ ಲೀಟರ್ ನೀರಿಗೆ ಒಂದು ದೊಡ್ಡ ಚಮಚದಂತೆ ಉಪ್ಪು ಹಾಕಿ, ಎಲೆ ಮುಳುಗಿಸಿ, 10ರಿಂದ 15 ನಿಮಿಷ ಬಿಡಿ. ಆಮೇಲೆ ಎಲೆಯನ್ನು ಮೇಲಕ್ಕೆತ್ತಿ ತೆಗೆಯಿರಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕೆ ಇಳಿದ ಮಣ್ಣೆಲ್ಲ ಮತ್ತೆ ಎಲೆಗೇ ಮೆತ್ತಿಕೊಳ್ಳುತ್ತದೆ. ಬೇರೆ ನೀರಿನಲ್ಲಿ ಇನ್ನೆರಡು ಸಲ ತೊಳೆಯಿರಿ. ಕೈಬೆರಳಿಗೆ ಮರಳು ಹತ್ತದಿದ್ದರೆ ಸಾಕು.

ದಂಟು ತೆಗೆಯಲು ಚಾಕು ಬೇಕಾಗಿಲ್ಲ. ಎಲೆಯನ್ನು ಉದ್ದಕ್ಕೆ ಮಡಚಿ, ಒಂದು ಕೈಯಲ್ಲಿ ಎಲೆ ಹಿಡಿದು ಇನ್ನೊಂದು ಕೈಯಲ್ಲಿ ದಂಟನ್ನು ಬುಡದಿಂದ ತುದಿಗೆ ಸರ್ರನೆ ಎಳೆಯಿರಿ, ಬಿಡಿಸಿಕೊಂಡು ಬರುತ್ತದೆ. ಎಳೆ ಎಲೆಗೆ ಇದೂ ಬೇಡ. ತೆಗೆದ ದಂಟನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಬಾಣಲೆಗೆ ಹಾಕಿ. ಎಲೆಗಿಂತ ನಾಲ್ಕೈದು ನಿಮಿಷ ಮೊದಲು ಹಾಕಿದರೆ ಎರಡೂ ಒಟ್ಟಿಗೆ ಬೇಯುತ್ತವೆ. ತೀರಾ ಬಲಿತು ಕಡ್ಡಿಯಾಗಿದ್ದರೆ ಮಾತ್ರ ಬಿಟ್ಟುಬಿಡಿ.

ಹೆಚ್ಚಲು ಒಂದು ಸುಲಭದ ದಾರಿ ಇದೆ. ಐದಾರು ಎಲೆ ಒಂದರ ಮೇಲೊಂದು ಇಟ್ಟು ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ, ಅಡ್ಡಕ್ಕೆ ಹೆಚ್ಚುತ್ತಾ ಹೋಗಿ. ಎಷ್ಟು ತೆಳ್ಳಗೆ ಅನ್ನುವುದು ಮುಖ್ಯ, ತೆಳ್ಳಗಾದಷ್ಟೂ ಬೇಯುವ ಸಮಯ ಕಡಿಮೆ. ಬಲಿತ ಎಲೆಯನ್ನೂ ಕೂದಲೆಳೆಯಂತೆ ಹೆಚ್ಚಿದರೆ ಬೇಗ ಬೇಯಿಸಬಹುದು.

ಎಳೆ ಎಲೆಗೆ

ಅಂಗೈಯಷ್ಟಿರುವ ಎಲೆಯನ್ನು ಹಸಿಯಾಗಿಯೇ ತಿನ್ನಬಹುದು. ತೆಳ್ಳಗೆ ಹೆಚ್ಚಿ, ಉಪ್ಪು, ನಿಂಬೆರಸ, ಒಂದು ಚಮಚ ಎಣ್ಣೆ ಹಾಕಿ ಎರಡು ಮೂರು ನಿಮಿಷ ಕೈಯಲ್ಲಿ ಚೆನ್ನಾಗಿ ಹಿಸುಕಿ. ಬಣ್ಣ ಗಾಢವಾಗುತ್ತದೆ, ರಾಶಿ ಅರ್ಧಕ್ಕೆ ಇಳಿಯುತ್ತದೆ. ಕಾಲು ಗಂಟೆ ಬಿಟ್ಟು ತಿನ್ನಿ. ಹಿಸುಕದೆ ಹಾಗೇ ಬಟ್ಟಲಿಗೆ ಹಾಕಿಕೊಂಡರೆ ಒಣ ಎಲೆ ತಿಂದಂತಿರುತ್ತದೆ.

ಬ್ರೆಜಿಲ್‌ನವರ ದಾರಿ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಇದಕ್ಕೆ ಕೋವೆ ಅಂತಾರೆ, ಕಪ್ಪು ಬೀನ್ಸ್ ಮತ್ತು ಹಂದಿ ಮಾಂಸದ ಫೇಜೋಆಡ ಬಡಿಸುವಾಗ ಪಕ್ಕದಲ್ಲಿ ಇದು ಇರಲೇಬೇಕು. ಸೊಪ್ಪನ್ನು ಎಷ್ಟಾಗುತ್ತೋ ಅಷ್ಟು ತೆಳ್ಳಗೆ ಹೆಚ್ಚಿ. ಅಗಲ ಬಾಣಲೆ ಚೆನ್ನಾಗಿ ಕಾಯಲಿ. ಎರಡು ಚಮಚ ಎಣ್ಣೆ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ. ಬೆಳ್ಳುಳ್ಳಿ ಘಮ ಎದ್ದ ತಕ್ಷಣ, ಕೆಂಪಾಗುವುದಕ್ಕೂ ಮೊದಲೇ, ಸೊಪ್ಪು ಹಾಕಿ ಜೋರು ಉರಿಯಲ್ಲಿ ತಿರುವಿ. ಎರಡೇ ನಿಮಿಷ. ಬಣ್ಣ ಥಳಥಳ ಹಸಿರಾಗಿ ಎಲೆ ಸೋತ ಕೂಡಲೇ ಇಳಿಸಿ. ಇಲ್ಲಿ ಒಂದು ಎಚ್ಚರಿಕೆ: ಸೊಪ್ಪು ಒದ್ದೆ ಇದ್ದರೆ ಹುರಿಯುವ ಬದಲು ಬೇಯುತ್ತದೆ, ಅದಕ್ಕೆ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿಕೊಳ್ಳಿ.

ಹದವಾದ ಎಲೆಗೆ

ಗಿಡದಲ್ಲಿ ಯಾವಾಗಲೂ ಜಾಸ್ತಿ ಸಿಗುವುದು ಇದೇ, ಎಳೆಯೂ ಅಲ್ಲ ಬಲಿತದ್ದೂ ಅಲ್ಲ. ಇದಕ್ಕೆ 10ರಿಂದ 20 ನಿಮಿಷ ಬೇಕು. ಈ ಹದಕ್ಕೆ ಜಗತ್ತಿನ ಮೂರು ಕಡೆಯವರು ಮೂರು ಥರ ಮಾಡುತ್ತಾರೆ, ಮೂರನ್ನೂ ಒಮ್ಮೆ ಮಾಡಿ ನೋಡಿ.

ಕಾಶ್ಮೀರದವರದ್ದು ಹಾಕ್. ಅಲ್ಲಿ ಇದು ಹೆಚ್ಚುಕಡಿಮೆ ದಿನದ ಊಟ, ಅನ್ನದ ಜೊತೆ. ಸಾಸಿವೆ ಎಣ್ಣೆಯನ್ನು ಹೊಗೆ ಬರುವವರೆಗೆ ಕಾಯಿಸಿ, ಸ್ವಲ್ಪ ಆರಿದ ಮೇಲೆ ಇಂಗು, ಎರಡು ಮೂರು ಒಣಮೆಣಸಿನಕಾಯಿ, ಎರಡು ಮೂರು ಲೋಟ ನೀರು, ಉಪ್ಪು. ನೀರು ಕೊತಕೊತ ಕುದಿಯುವಾಗ ಎಲೆಯನ್ನು ದೊಡ್ಡ ದೊಡ್ಡದಾಗಿ ಹರಿದು ಹಾಕಿ, ಮುಚ್ಚಳ ಮುಚ್ಚದೆ ಜೋರು ಉರಿಯಲ್ಲಿ ಬೇಯಿಸಿ. ಮುಚ್ಚಳ ಯಾಕೆ ಬೇಡ ಅಂದ್ರೆ, ಎಲೆಯಿಂದ ಬಿಡುವ ಆಮ್ಲ ಹಬೆಯ ಜೊತೆ ಹೊರಗೆ ಹೋಗಬೇಕು. ಒಳಗೇ ಉಳಿದರೆ ಹಸಿರನ್ನು ಕಂದು ಮಾಡುತ್ತದೆ. ಹಸಿರು ಉಳಿಯಲಿ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಬಣ್ಣವೇನೋ ನಿಲ್ಲುತ್ತದೆ, ಆದರೆ ಎಲೆ ಲೋಳೆಯಾಗುತ್ತದೆ, ಜೀವಸತ್ವವೂ ಹಾಳಾಗುತ್ತದೆ. ಈ ಥರದ ಹಾಕ್‌ನಲ್ಲಿ ಬೆಳ್ಳುಳ್ಳಿ ಇಲ್ಲ, ಈರುಳ್ಳಿ ಇಲ್ಲ, ಸೊಪ್ಪಿನದೇ ರುಚಿ. ನಿಮ್ಮ ಗಿಡದ ಎಲೆ ನಿಜಕ್ಕೂ ಹೇಗಿದೆ ಅಂತ ತಿಳಿಯಬೇಕಾದರೆ ಮೊದಲು ಇದನ್ನೇ ಮಾಡಿ.

ಪೂರ್ವ ಆಫ್ರಿಕಾದಲ್ಲಿ, ಅದರಲ್ಲೂ ಕೀನ್ಯಾದಲ್ಲಿ, ಇದರ ಹೆಸರು ಸುಕುಮಾ ವಿಕಿ. ಸ್ವಾಹಿಲಿಯಲ್ಲಿ 'ವಾರ ದೂಡು' ಅಂತ ಅರ್ಥ. ಕೈಯಲ್ಲಿ ಕಾಸು ಕಮ್ಮಿ ಇದ್ದಾಗ ವಾರವಿಡೀ ಮನೆಯವರ ಹೊಟ್ಟೆ ತುಂಬಿಸುವ ಸೊಪ್ಪಿಗೆ ಇದಕ್ಕಿಂತ ಒಳ್ಳೆ ಹೆಸರು ಸಿಗಲಿಕ್ಕಿಲ್ಲ ಅಲ್ವಾ? ಅರ್ಧ ಕಿಲೋ ಸೊಪ್ಪಿಗೆ ಒಂದು ದೊಡ್ಡ ಈರುಳ್ಳಿ, ಎರಡು ಟೊಮೆಟೊ ಸಾಕು. ಈರುಳ್ಳಿ ಬಾಡಿಸಿ, ಟೊಮೆಟೊ ಮೆತ್ತಗಾಗುವವರೆಗೆ ಬೇಯಿಸಿ, ಹೆಚ್ಚಿದ ಸೊಪ್ಪು ಹಾಕಿ 10 ನಿಮಿಷ ತಿರುವಿ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಜೊತೆ ತಿನ್ನುತ್ತಾರೆ. ಟೊಮೆಟೊ ಹುಳಿಗೆ ಸೊಪ್ಪು ಸ್ವಲ್ಪ ಮಂಕಾಗುತ್ತದೆ, ಪರವಾಗಿಲ್ಲ.

ಇಥಿಯೋಪಿಯಾದ ಗೋಮೆನ್‌ಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಧಾರಾಳವಾಗಿ ಬೇಕು. ಮಸಾಲೆ ಹಾಕಿ ಕಾಯಿಸಿದ ಬೆಣ್ಣೆಯಲ್ಲೋ, ಉಪವಾಸದ ದಿನಗಳಲ್ಲಿ ಎಣ್ಣೆಯಲ್ಲೋ ಮಾಡಿ ಇಂಜೆರಾ ಅನ್ನುವ ಹುಳಿ ದೋಸೆಯಂಥ ರೊಟ್ಟಿ ಮೇಲೆ ಬಡಿಸುತ್ತಾರೆ. ಕಹಿ ತುಸು ಜಾಸ್ತಿ ಇರುವ ಎಲೆಗೆ ಇದು ಸರಿ, ಶುಂಠಿ ಆ ಕಹಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ.

ಯಾವುದೇ ಮಾಡಿ, ಉಪ್ಪು ಮಾತ್ರ ಸೊಪ್ಪು ಇಳಿದ ಮೇಲೆ ನೋಡಿ ಹಾಕಿ. ಬಾಣಲೆ ತುಂಬಿ ತುಳುಕುವ ರಾಶಿ ಐದು ನಿಮಿಷಕ್ಕೆ ತಳ ಸೇರುತ್ತದೆ, ರಾಶಿ ನೋಡಿ ಉಪ್ಪು ಹಾಕಿದರೆ ಬಾಯಿಗಿಡಲು ಆಗುವುದಿಲ್ಲ. ಹಾಕ್‌ಗೂ ಮೊದಲು ಚಿಟಿಕೆ ಅಷ್ಟೇ, ಉಳಿದದ್ದು ಆಮೇಲೆ. ಎಣ್ಣೆಯನ್ನು ಪೂರ್ತಿ ಬಿಡಲೂ ಬೇಡಿ. ಈ ಸೊಪ್ಪಿನಲ್ಲಿರುವ ಕೆ ಜೀವಸತ್ವ, ಎ ಜೀವಸತ್ವ ಆಗುವ ಕ್ಯಾರೊಟಿನ್, ಎರಡೂ ಮೈಗೆ ಹತ್ತುವುದು ಕೊಬ್ಬಿನ ಜೊತೆಗೆ. ಕೆ ಜೀವಸತ್ವ ಇದರಲ್ಲಿ ಬಹಳ ಇರುವುದರಿಂದ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಗಿಡ ತುಂಬ ಸೊಪ್ಪಿದೆ ಅಂತ ಒಮ್ಮೆಲೇ ತಿನ್ನಲು ಶುರು ಮಾಡಬಾರದು, ಡಾಕ್ಟರಿಗೆ ಹೇಳಿಯೇ ತಿನ್ನಬೇಕು.

ಬಲಿತ ಎಲೆಗೆ

ದಪ್ಪ, ಮೇಣ ಮೆತ್ತಿದಂಥ ಎಲೆಯನ್ನು ನೋಡಿ ಹೆದರಬೇಡಿ. ಇದಕ್ಕೆ ಬೇಕಾದದ್ದು ಸಣ್ಣ ಉರಿ ಮತ್ತು ತಾಳ್ಮೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಅಡುಗೆಮನೆಗಳು ಇದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ಮೊದಲು ಹೊಗೆ ಹಾಕಿದ ಹಂದಿ ಕಾಲಿನ ತುಂಡನ್ನೋ ಟರ್ಕಿ ಕೋಳಿಯನ್ನೋ ಈರುಳ್ಳಿ ಜೊತೆ ನೀರಿನಲ್ಲಿ ಒಂದು ಗಂಟೆ ಕುದಿಸುತ್ತಾರೆ. ಆ ಸಾರಿಗೆ ಸೊಪ್ಪು ಹಾಕಿ ಮುಚ್ಚಿ, ಇನ್ನೊಂದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಬಣ್ಣ ಆಲಿವ್ ಹಸಿರಿಗೆ ತಿರುಗುತ್ತದೆ, ಇಲ್ಲಿ ಅದೇ ಸರಿಯಾದ ಬಣ್ಣ. ಮಾಂಸ ತಿನ್ನದವರು ಈರುಳ್ಳಿಯನ್ನು ಚೆನ್ನಾಗಿ ಕೆಂಪಗೆ ಹುರಿದು, ಹೊಗೆ ಹಾಕಿದ ಪ್ಯಾಪ್ರಿಕಾ ಪುಡಿ ಒಂದು ಚಮಚ ಸೇರಿಸಿದರೆ ಆ ಹೊಗೆಯ ಪರಿಮಳ ಸಿಗುತ್ತದೆ. ವಿನೆಗರ್ ಕೊನೆಯಲ್ಲಿ, ಇಳಿಸುವ ಮುಂಚೆ, ಎರಡು ಚಮಚ.

ಪಾತ್ರೆಯ ತಳದಲ್ಲಿ ಉಳಿಯುವ ರಸಕ್ಕೆ ಅಲ್ಲಿ ಪಾಟ್‌ಲಿಕರ್ ಅಂತಾರೆ. ಅದನ್ನು ಚೆಲ್ಲಬೇಡಿ. ನೀರಿನಲ್ಲಿ ಕರಗುವ ಜೀವಸತ್ವಗಳು ಸೊಪ್ಪಿನಿಂದ ಹೊರಬಂದು ಅಲ್ಲೇ ಇರುತ್ತವೆ. ಮೆಕ್ಕೆಜೋಳದ ಬ್ರೆಡ್ ಅದ್ದಿಕೊಂಡು ತಿನ್ನುವುದು ಅವರ ರೂಢಿ. ಇಷ್ಟೆಲ್ಲ ಹೊತ್ತು ಯಾಕೆ, ಕುಕ್ಕರ್‌ಗೆ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಎಲೆ ಮೆತ್ತಗೂ ಆಗುತ್ತದೆ. ಆದರೆ ಸಣ್ಣ ಉರಿಯಲ್ಲಿ ಸಾರು ನಿಧಾನಕ್ಕೆ ಇಂಗಿ ಗಟ್ಟಿಯಾಗುವ ರುಚಿ ಅದರಲ್ಲಿ ಬರುವುದಿಲ್ಲ, ರಜೆಯ ದಿನ ಒಮ್ಮೆಯಾದರೂ ಪಾತ್ರೆಯಲ್ಲೇ ಮಾಡಿ.

ಅಗಲ ಇದ್ದು ತೂತಿಲ್ಲದ ಎಲೆಗಳನ್ನು ಮಾತ್ರ ಬೇರೆ ತೆಗೆದಿಡಿ. ದಂಟಿನ ಉಬ್ಬಿದ ಭಾಗವನ್ನು ಚಾಕುವಿನಿಂದ ಎಲೆಯ ಮಟ್ಟಕ್ಕೆ ಸವರಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ. ಎಲೆ ಬಟ್ಟೆಯಂತೆ ಮಡಚಲು ಬರುತ್ತದೆ. ಅಕ್ಕಿ, ಬೇಳೆ, ಕೀಮಾ ಯಾವುದನ್ನು ಬೇಕಾದರೂ ಒಳಗಿಟ್ಟು ಸುತ್ತಿ, ಬಾಯಿ ಕೆಳಗೆ ಬರುವಂತೆ ಪಾತ್ರೆಯಲ್ಲಿ ಒತ್ತಾಗಿ ಜೋಡಿಸಿ, ಅರ್ಧ ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಬಹುದು. ತುರ್ಕಿಯ ಕಪ್ಪು ಸಮುದ್ರದ ತೀರದಲ್ಲಿ ಇಂಥದೇ ಎಲೆಯಲ್ಲಿ ಸರ್ಮಾ ಮಾಡುತ್ತಾರೆ.

ಜಾಸ್ತಿಯಾದರೆ

ಕಿತ್ತ ಸೊಪ್ಪನ್ನು ತೊಳೆಯದೆ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ ಇರುತ್ತದೆ. ಅದಕ್ಕಿಂತ ಗಿಡದಲ್ಲೇ ಇರಲಿ ಬಿಡಿ. ತಿಂಗಳುಗಟ್ಟಲೆ ಇಡಬೇಕಾದರೆ ಫ್ರೀಜರ್. ತೊಳೆದು ಹೆಚ್ಚಿ, ಕುದಿಯುವ ನೀರಿನಲ್ಲಿ ಸರಿಯಾಗಿ 3 ನಿಮಿಷ ಹಾಕಿ, ಅಷ್ಟೇ ಹೊತ್ತು ಐಸ್ ನೀರಿನಲ್ಲಿ ಆರಿಸಿ, ಚೆನ್ನಾಗಿ ಹಿಂಡಿ, ಒಂದೊಂದು ಹೊತ್ತಿಗೆ ಆಗುವಷ್ಟು ಪೊಟ್ಟಣ ಕಟ್ಟಿ. ಈ ಕುದಿಸುವ ಹಂತ ಬಿಟ್ಟರೆ ಎಲೆಯ ಕಿಣ್ವಗಳು ಫ್ರೀಜರ್‌ನಲ್ಲೂ ಕೆಲಸ ಮಾಡುತ್ತಲೇ ಇದ್ದು ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ಹೀಗಿಟ್ಟ ಸೊಪ್ಪು ಹುರಿಯಲು ಸಾಲದು, ಸಾರಿಗೆ, ನಿಧಾನದ ಅಡುಗೆಗೆ ಚೆನ್ನಾಗಿರುತ್ತದೆ.

ಚಳಿಗಾಲ ಕಳೆದ ಮೇಲೆ ಒಂದು ದಿನ ಗಿಡ ನೆತ್ತಿಯಿಂದ ಉದ್ದಕ್ಕೆ ಕಡ್ಡಿ ಬಿಟ್ಟು ಮೊಗ್ಗು ಕಟ್ಟುತ್ತದೆ. ಎಲೆ ಚಿಕ್ಕದಾಗುತ್ತದೆ, ಕಹಿ ಏರುತ್ತದೆ. ಗಿಡ ಮುಗೀತು ಅಂತ ಆಗಲೇ ಕೀಳಬೇಡಿ. ಹಳದಿ ಹೂ ಅರಳುವ ಮೊದಲು ಮೊಗ್ಗನ್ನು ಗೇಣುದ್ದ ಎಳೆ ದಂಟಿನ ಸಮೇತ ಮುರಿದು ತನ್ನಿ, ಬೆಳ್ಳುಳ್ಳಿ ಜೊತೆ ಮೂರು ನಿಮಿಷ ಹುರಿಯಿರಿ. ಬ್ರೊಕೊಲಿಯ ರುಚಿ, ಅದಕ್ಕಿಂತ ತುಸು ಖಾರ. ಮುರಿದ ಕಡೆ ವಾರದೊಳಗೆ ಪಕ್ಕದಿಂದ ಇನ್ನಷ್ಟು ಸಣ್ಣ ಮೊಗ್ಗುಗಳು ಬರುತ್ತವೆ, ಎರಡು ಮೂರು ಊಟಕ್ಕೆ ಆಗುತ್ತದೆ.